ಪದಕ ಯಾರ ಕೈ ಸೇರಿತು?

ಭಾನುವಾರ, 12 ಅಕ್ಟೋಬರ್ 2025

ವಾಟರ್‌ಲೂ ಪದಕವೊಂದರ ಚಿತ್ರವನ್ನು ಸಂಜೆ ಅಮ್ಮನಿಗೆ ಮೊಬೈಲಿನಲ್ಲಿ ತೋರಿಸಿದೆ. ನೆಪೋಲಿಯನ್ ಸೋತ 1815ರ ಜೂನ್ 18ರ ಆ ಯುದ್ಧದಲ್ಲಿ ಮಡಿದ ಸಾಮಾನ್ಯ ಸಿಪಾಯಿಯೊಬ್ಬನ ಪದಕವದು. ಅಮ್ಮ ಬಹಳ ಹೊತ್ತು ನೋಡಿ, "ಅವನೇ ಹೋದ್ಮೇಲೆ ಇದನ್ನ ಯಾರು ಇಸ್ಕೊಂಡ್ರು?" ಎಂದು ಕೇಳಿದರು. ಮನೆಯವರು ಎಂದೆ. "ಅವರಿಗೆ ಇದನ್ನ ಎಲ್ಲಿಡಬೇಕು ಅಂತ ತೋಚಿರತ್ತೇನೋ?" ಎಂದರು. ಆ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ರಣರಂಗದಲ್ಲಿ ಮಡಿದವರ ಪದಕವನ್ನು ಅವರ ಹತ್ತಿರದ ಬಂಧುಗಳಿಗೆ ತಲುಪಿಸುವ ಪದ್ಧತಿ ಬ್ರಿಟಿಷ್ ಸೈನ್ಯದಲ್ಲಿ ಆರಂಭವಾದದ್ದೇ 1816ರಿಂದ ಹಂಚಲಾದ ಈ ಪದಕದಿಂದ. ಒಂದು ಬದಿಯಲ್ಲಿ ಆಗ ದೊರೆಯ ಪರವಾಗಿ ಬ್ರಿಟನ್ ಆಳುತ್ತಿದ್ದ ರಾಜಕುಮಾರ, ಪ್ರಿನ್ಸ್ ರೀಜೆಂಟನ ಮುಖವಿದೆ. ಇನ್ನೊಂದು ಬದಿಯಲ್ಲಿ ರೆಕ್ಕೆಗಳಿರುವ ವಿಜಯದೇವತೆ ಪೀಠದ ಮೇಲೆ ಕುಳಿತಿದ್ದಾಳೆ, ಅವಳ ನೆತ್ತಿಯ ಮೇಲೆ ಆ ಯುದ್ಧದಲ್ಲಿ ಬ್ರಿಟಿಷರ ಸೇನಾಪತಿಯಾಗಿದ್ದ ವೆಲಿಂಗ್ಟನ್‌ನ ಹೆಸರಿದೆ. ಸಿಪಾಯಿಯ ಹೆಸರನ್ನು ಓದಬೇಕಾದರೆ ಪದಕವನ್ನು ಅಡ್ಡ ಹಿಡಿದು ಮೆಲ್ಲಗೆ ತಿರುಗಿಸಬೇಕು, ಏಕೆಂದರೆ ಅದನ್ನು ಅವನ ರೆಜಿಮೆಂಟಿನ ಹೆಸರಿನೊಂದಿಗೆ ಅಂಚಿನಲ್ಲಿ ಅಚ್ಚೊತ್ತಿ, ಉಳಿದ ಜಾಗಕ್ಕೆ ಪುಟ್ಟ ನಕ್ಷತ್ರಗಳನ್ನು ತುಂಬಿದ್ದಾರೆ. ಸಾಮಾನ್ಯ ಸಿಪಾಯಿಗಳನ್ನು ದೊಡ್ಡ ಗುಂಡಿಗಳಲ್ಲಿ ಒಟ್ಟಿಗೆ ಹೂಳಿದ ಆ ಕಾಲದಲ್ಲಿ ಅನೇಕರ ಹೆಸರನ್ನು ಕೆತ್ತಿದ ಕಲ್ಲು ಎಲ್ಲಿಯೂ ಇಲ್ಲ. ಹೆಸರು ಉಳಿದದ್ದು ಈ ಬೆಳ್ಳಿಯ ಅಂಚಿನಲ್ಲಿ.

ವಾಟರ್‌ಲೂ ರಣರಂಗದ ಲಾ ಹೇ ಸೇಂಟ್ ತೋಟದ ಮೇಲ್ಭಾಗದ ಕೂಡುರಸ್ತೆಯಲ್ಲಿ ಚೌಕಾಕಾರವಾಗಿ ನಿಂತಿದ್ದ, ಐರ್ಲೆಂಡಿನ 27ನೇ ಇನಿಸ್ಕಿಲ್ಲಿಂಗ್ ರೆಜಿಮೆಂಟಿನ ಸುಮಾರು 700 ಜನರಲ್ಲಿ 450ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. ಬದುಕಿ ಬಂದವರ ಸೇವಾವಧಿಗೆ ಎರಡು ವರ್ಷ ಸೇರಿಸಿದರು. ಸತ್ತವನ ತಾಯಿಗೆ ಆ ಲೆಕ್ಕದಿಂದ ಏನು ಬಂದೀತು? ಐರ್ಲೆಂಡಿನ ಎಷ್ಟು ಮನೆಗಳ ಬಾಗಿಲಿಗೆ ಈ ಬಿಲ್ಲೆ ಹೋಗಿರಬಹುದೆಂದು ನೆನೆದರೆ ಸಂಕಟವಾಗುತ್ತದೆ. ಹೊಟ್ಟೆಪಾಡಿಗೆ ಅದನ್ನು ಮಾರಿದವರಿದ್ದರೆ ಅವರನ್ನು ದೂರಲು ನನ್ನಿಂದಾಗದು.

ಆದರೂ ಆ ಮನೆಗಳಿಗೆ ಪದಕವಾದರೂ ಬಂತು. ಇದೇ ವೆಲಿಂಗ್ಟನ್ ಇನ್ನೂ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ ಪಾಲ್ಗೊಂಡಿದ್ದ 1799ರ ಶ್ರೀರಂಗಪಟ್ಟಣದ ಮುತ್ತಿಗೆಗೆ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಪದಕದಲ್ಲಿ ಹೆಸರೇ ಇರಲಿಲ್ಲ. ಹಿರಿಯ ಅಧಿಕಾರಿಗೆ ಚಿನ್ನ, ಸಿಪಾಯಿಗೆ ತವರ. ವೆಲ್ಲೆಸ್ಲಿ ಮರಾಠರನ್ನು ಸೋಲಿಸಿದ 1803ರ ಅಸ್ಸಾಯೆ ಕಾಳಗಕ್ಕಂತೂ 1851ರಲ್ಲಿ, ಅಂದರೆ 48 ವರ್ಷಗಳ ಮೇಲೆ, ಅದೂ ಆಗ ಬದುಕಿದ್ದವರಿಗೆ ಮಾತ್ರ ಪದಕ ಮಂಜೂರಾಯಿತು. ಅಲ್ಲಿ ಮದರಾಸಿನ ಸಿಪಾಯಿಗಳು ಸತ್ತರು, ಮೈಸೂರಿನ ಕುದುರೆ ಸವಾರರೂ ವೆಲ್ಲೆಸ್ಲಿಯ ಜೊತೆಗಿದ್ದರು. ಆ ದಿನವೇ ಬಿದ್ದವನ ಹೆಂಡತಿ 1851ರಲ್ಲಿ ಮುದುಕಿಯಾಗಿ ಎಲ್ಲಾದರೂ ಬದುಕಿದ್ದಿದ್ದರೆ, ಪಕ್ಕದ ಮನೆಯ ಮುದುಕನಿಗೆ ಬೆಳ್ಳಿ ಬಂದು ತನಗೆ ಬಾರದ್ದನ್ನು ಕಂಡು ಅವಳು ಯಾರನ್ನು ಕೇಳಬೇಕಿತ್ತು, ಯಾವ ಕಚೇರಿಗೆ ಹೋಗಬೇಕಿತ್ತು?