ಬಾನೆಟ್‌ ಮೇಲಿನ ಗಾಳಿ, ಒಳಗಿನ ಬಿಸಿ

ಬಾನೆಟ್‌ಗೆ ಕಿಂಡಿ ಕೊರೆದರೆ ಎಂಜಿನ್ ತಂಪಾಗುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಕಿಂಡಿ ಎಲ್ಲಿದೆ ಎಂಬುದೇ ಮುಖ್ಯ. ರೇಡಿಯೇಟರ್‌ನ ಮೂಲಕ ಗಾಳಿ ಹರಿಯುವುದು ಅದರ ಮುಂದಿನ ಮತ್ತು ಹಿಂದಿನ ಒತ್ತಡಗಳ ವ್ಯತ್ಯಾಸದಿಂದ. ಹೀಗಾಗಿ ಒಳಬಂದ ಗಾಳಿಗೆ ಹೊರಹೋಗುವ ದಾರಿ ಸಾಲದಿದ್ದರೆ ಗ್ರಿಲ್ ದೊಡ್ಡದಾಗಿದ್ದೂ ಪ್ರಯೋಜನವಿಲ್ಲ.

ಕಾರು ವೇಗವಾಗಿ ಓಡುವಾಗ ಗಾಳಿ ಬಾನೆಟ್‌ನ ಮುಂದಿನ ಅಂಚನ್ನು ಬಳಸಿ ಮೇಲೇರುತ್ತಾ ವೇಗ ಪಡೆಯುವುದರಿಂದ ಅಂಚಿನ ಹಿಂದೆಯೇ ಒತ್ತಡ ಇಳಿಯುತ್ತದೆ; ಬಿಸಿಗಾಳಿ ಹೊರಹೋಗುವ ಕಿಂಡಿಗೆ ತಕ್ಕ ಜಾಗ ಅದು. ಅದೇ ಗಾಳಿ ವಿಂಡ್‌ಶೀಲ್ಡ್‌ನ ಬುಡದಲ್ಲಿ ನಿಧಾನಗೊಂಡಾಗ ಒತ್ತಡ ಮತ್ತೆ ಏರುತ್ತದೆ. ಬಾಗಿಲ ತಿರುಗಣಿಯಂಥ ಹಿಂಜ್ ಅಡಿ ವಾಷರ್ ಇಟ್ಟು ಬಾನೆಟ್‌ನ ಹಿಂತುದಿಯನ್ನು ಎತ್ತುವ ಅಭ್ಯಾಸ ನನಗೆಂದೂ ಹಿಡಿಸದಿರುವುದು ಇದಕ್ಕೇ: ಸಿಗ್ನಲ್‌ನಲ್ಲಿ ನಿಂತಾಗ ಅಲ್ಲಿಂದ ಬಿಸಿ ಹೊರಹೋಗುವುದು ನಿಜ, ಆದರೆ ಹೆದ್ದಾರಿಯಲ್ಲಿ ಅದೇ ಸಂದಿಯಿಂದ ಗಾಳಿ ಒಳನುಗ್ಗಿ ರೇಡಿಯೇಟರ್‌ನ ಹಿಂದಿನ ಒತ್ತಡವನ್ನು ಹೆಚ್ಚಿಸಬಹುದು. 1969ರ ಷೆವರ್ಲೆ ಕಮಾರೊದ ಕೌಲ್ ಇಂಡಕ್ಷನ್ (ಹಿಂತುದಿಯಿಂದ ಗಾಳಿ ಒಳಗೆಳೆಯುವ) ಬಾನೆಟ್ ವಿಂಡ್‌ಶೀಲ್ಡ್ ಬುಡದ ಈ ಒತ್ತಡವನ್ನೇ ಬಳಸಿಕೊಂಡು ಕಾರ್ಬ್ಯುರೇಟರ್‌ಗೆ ತಂಪುಗಾಳಿ ಒದಗಿಸುತ್ತಿತ್ತು.

ಸ್ಕೂಪ್‌ನ , ಅಂದರೆ ಬಾನೆಟ್ ಮೇಲೆ ಉಬ್ಬಿ ಮುಂದಕ್ಕೆ ಬಾಯ್ದೆರೆದ ಗಾಳಿಗೂಡಿನ, ಕಥೆ ಬೇರೆ. ಬಿಡದಿಯಲ್ಲಿ ತಯಾರಾಗಿ 2009ರಲ್ಲಿ ನಮ್ಮ ರಸ್ತೆಗಿಳಿದ ಟೊಯೋಟಾ ಫಾರ್ಚೂನರ್‌ನ 3 ಲೀಟರ್ ಡೀಸೆಲ್ ಮಾದರಿಯಲ್ಲಿ ಸ್ಕೂಪ್‌ನ ಬಾಯಿಗೆ ಬಿದ್ದ ಗಾಳಿ ಎಂಜಿನ್ ಮೇಲೆ ಕುಳಿತ ಇಂಟರ್‌ಕೂಲರ್‌ನ ರೆಕ್ಕೆಗಳ ನಡುವೆ ನುಸುಳಿ ಕೆಳಗಿಳಿಯುತ್ತದೆ. ಅಲ್ಲಿ ತಂಪಾಗುವುದು ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಒತ್ತಿ ಬಿಸಿಮಾಡಿದ ಗಾಳಿಯೇ ಹೊರತು ರೇಡಿಯೇಟರ್‌ನ ನೀರಲ್ಲ. ಟರ್ಬೊ ಇಲ್ಲದ ಕಾರಿನ ಬಾನೆಟ್‌ಗೆ ತಳವೇ ತೆರೆಯದ ಪ್ಲಾಸ್ಟಿಕ್ ಸ್ಕೂಪ್ ಅಂಟಿಸಿಕೊಳ್ಳುವವರಿಗೆ ಸಿಗುವುದು ಬರೀ ಅಲಂಕಾರ, ಜೊತೆಗೆ ಚೂರು ಹೆಚ್ಚುವರಿ ಗಾಳಿಯ ತಡೆ.