ರೂಟರ್ ಆಫ್ ಮಾಡಿ ಆನ್ ಮಾಡಿದ ಆ ಸಂಜೆ

ಟೆಂಡರ್ ಅಪ್‌ಲೋಡ್‌ಗೆ ಸಂಜೆ 5 ಗಂಟೆಯ ಗಡುವಿತ್ತು. 4 ಗಂಟೆ ದಾಟುತ್ತಿದ್ದಂತೆ ಎಸ್ಟಿಮೇಟ್ ನೋಡಿಕೊಳ್ಳುವ ಸಹೋದ್ಯೋಗಿ ನನ್ನ ಮೇಜಿನ ಬಳಿ ಬಂದು, ಜೆಡ್ ಡ್ರೈವ್ ಉತ್ತರಿಸುತ್ತಿಲ್ಲ, ಇಂಟರ್ನೆಟ್ ಕೂಡ ತೆವಳುತ್ತಿದೆ ಎಂದರು. ಎಂಟು ಜನರ ನಮ್ಮ ಕಚೇರಿಯಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ನನ್ನದು. ಜೆಡ್ ಡ್ರೈವ್ ಎಂದರೆ ಮನೆಬಳಕೆಯ ರೂಟರ್‌ನ ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಫೈಲ್ ಸರ್ವರ್ ಬೇಕೆಂದು ಕೇಳಿದಾಗ, ರೂಟರ್‌ನಲ್ಲೇ ಆ ಸೌಲಭ್ಯವಿದೆಯಲ್ಲ ಎಂದು ಆಡಳಿತ ಹೇಳಿತ್ತು. ನಾನೂ ವಾದಿಸದೆ ಒಪ್ಪಿಕೊಂಡಿದ್ದೆ.

ನೆಟ್ ನಿಧಾನವಾದಾಗ ರೂಟರ್ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡುವುದು ವರ್ಷಗಳಿಂದ ನನ್ನ ಕೈಗೆ ಹತ್ತಿದ ಅಭ್ಯಾಸ. ಅಂದೂ ಯಾರನ್ನೂ ಕೇಳದೆ ಅದನ್ನೇ ಮಾಡಿದೆ. ಸ್ವಿಚ್ ಒತ್ತಿದ ಮರುಕ್ಷಣ ಹಿಂದಿನ ಸಾಲಿನಿಂದ, "ಸರ್, ನನ್ನ ಸೈಟ್ ಫೋಟೋಗಳು ಇನ್ನೂ ಕಾಪಿ ಆಗ್ತಾ ಇದ್ವು" ಎಂಬ ಮಾತು ಕೇಳಿತು. ಏನಾಗಿದೆಯೆಂದು ನನಗೆ ಆಗಲೇ ಅರ್ಥವಾಯಿತು. ರೂಟರ್ ಕೆಟ್ಟು ನಿಂತಿರಲಿಲ್ಲ, ದುಡಿಯುತ್ತಿತ್ತು. ವೈಫೈ, ಇಂಟರ್ನೆಟ್ ಮತ್ತು ಡಿಸ್ಕ್‌ಗೆ ಬರೆಯುವ ಕೆಲಸ ಮೂರನ್ನೂ ಒಂದೇ ಸಣ್ಣ ಪ್ರೊಸೆಸರ್ ಹೊತ್ತಿರುವುದರಿಂದ, ಯಾರಾದರೂ ದೊಡ್ಡ ಫೋಲ್ಡರ್ ಕಾಪಿ ಮಾಡತೊಡಗಿದರೆ ಉಳಿದದ್ದೆಲ್ಲ ಮಂದವಾಗುತ್ತದೆ. ಬಂದ ದತ್ತಾಂಶವನ್ನು ರೂಟರ್ ಮೊದಲು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ಡಿಸ್ಕ್‌ಗೆ ಇಳಿಸುತ್ತದೆ. ಹಾಗೆ ಇಳಿಯುತ್ತಿದ್ದ ಹೊತ್ತಿನಲ್ಲೇ ನಾನು ವಿದ್ಯುತ್ತನ್ನು ಕಡಿದಿದ್ದೆ.

ಇಂಟರ್ನೆಟ್ ಮರಳಿತು, ಜೆಡ್ ಡ್ರೈವ್ ಮರಳಲಿಲ್ಲ. ಡಿಸ್ಕನ್ನು ಬಿಚ್ಚಿ ನನ್ನ ಕಂಪ್ಯೂಟರ್‌ಗೆ ಹಾಕಿ ಡಿಸ್ಕ್‌ನ ದೋಷ ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿದಾಗ ಗಂಟೆ 4:20. ಶೇಕಡಾವಾರು ಅಂಕಿ ಒಂದೊಂದಾಗಿ ಏರುವುದನ್ನು ನೋಡುತ್ತ ನಿಂತ ಆ ಹದಿನೈದು ನಿಮಿಷಗಳಲ್ಲಿ ನನ್ನ ಬೆನ್ನ ಹಿಂದೆ ಯಾರೂ ಮಾತಾಡಲಿಲ್ಲ, ಮತ್ತು ಆ ಮೌನ ಬೈಗುಳಕ್ಕಿಂತ ಭಾರವಾಗಿತ್ತು. ಡ್ರಾಯಿಂಗ್‌ಗಳೆಲ್ಲ ಸಿಕ್ಕವು. ತೆರೆದಿಟ್ಟಿದ್ದ ಎಸ್ಟಿಮೇಟ್ ಶೀಟ್ ಮಾತ್ರ ಸೊನ್ನೆ ಬೈಟ್ ಆಗಿ, ಅಂದರೆ ಒಳಗೇನೂ ಇಲ್ಲದೆ, ಉಳಿದಿತ್ತು. ಬೆಳಿಗ್ಗೆ ಪರಿಶೀಲನೆಗೆಂದು ಎಸ್ಟಿಮೇಟ್ ಸಹೋದ್ಯೋಗಿ ಮೇಲ್ ಮಾಡಿದ್ದ ಒಂದು ಪ್ರತಿ ಇದ್ದುದರಿಂದ, ಮಧ್ಯಾಹ್ನ ಬದಲಾದ ದರಗಳನ್ನು ಒಬ್ಬರು ಓದುತ್ತ ಇನ್ನೊಬ್ಬರು ತುಂಬುತ್ತ 4:54ಕ್ಕೆ ಅಪ್‌ಲೋಡ್ ಮುಗಿಸಿದೆವು. ಆ ಮೇಲ್ ನನ್ನ ಬ್ಯಾಕಪ್ ವ್ಯವಸ್ಥೆಯ ಭಾಗವಾಗಿರಲಿಲ್ಲ. ನನ್ನಲ್ಲಿ ಬ್ಯಾಕಪ್ ವ್ಯವಸ್ಥೆಯೇ ಇರಲಿಲ್ಲ.

ಮರುದಿನ ಇನ್ನೊಂದು ತಪ್ಪೂ ಕಣ್ಣಿಗೆ ಬಿತ್ತು. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚುವ ವಿಧಾನಗಳಲ್ಲಿ ಆ ರೂಟರ್‌ಗೆ ಹಳೆಯ ಎಸ್‌ಎಂಬಿ 1 ಬಿಟ್ಟು ಬೇರೆ ಗೊತ್ತಿರಲಿಲ್ಲ, ಹೊಸ ವಿಂಡೋಸ್‌ಗಳಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ, ಆದ್ದರಿಂದ ಎಂಟೂ ಕಂಪ್ಯೂಟರ್‌ಗಳಲ್ಲಿ ನಾನೇ ಕೈಯಾರೆ ಅದನ್ನು ಚಾಲೂ ಮಾಡಿದ್ದೆ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಕುತಂತ್ರಾಂಶ ನುಗ್ಗಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ದೋಷದ ಮೂಲಕವೇ. ಡಿಸ್ಕ್ ಕಾಣಿಸುತ್ತಿಲ್ಲ ಎಂಬ ದೂರು ತೀರಿಸಲು ಭದ್ರತೆಯನ್ನೇ ಸಡಿಲಿಸಿದ್ದು ಸ್ವಿಚ್ ಒತ್ತಿದ್ದಕ್ಕಿಂತ ದೊಡ್ಡ ತಪ್ಪೆಂದು ಈಗಲೂ ಅನ್ನಿಸುತ್ತದೆ.

ಎರಡು ಫೋನ್‌ಗಳ ನಡುವೆ ಸಿನಿಮಾ ಹಂಚಿಕೊಳ್ಳಲು, ಅಪರೂಪಕ್ಕೊಮ್ಮೆ ಪ್ರಿಂಟ್ ಫೈಲ್ ಇಡಲು ರೂಟರ್‌ನ ಆ ಯುಎಸ್‌ಬಿ ಪೋರ್ಟ್ ಸಾಕು. ಎಂಟು ಜನ ದಿನವಿಡೀ ತೆರೆದಿಟ್ಟು ಬರೆಯುವ ಕಡತಗಳಿಗೆ ಸಾಲದು. ಈಗ ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಎರಡು ಡಿಸ್ಕ್‌ಗಳನ್ನು ಮಿರರ್ ಮಾಡಿ (ಎರಡರಲ್ಲೂ ಒಂದೇ ದತ್ತಾಂಶ ಇರುವಂತೆ) ಎಲ್ಲರಿಗೂ ಷೇರ್ ಕೊಟ್ಟಿದ್ದೇನೆ, ರಾತ್ರಿ ಮೂರನೆಯ ಡಿಸ್ಕ್‌ಗೆ ಪ್ರತಿ ಇಳಿಯುತ್ತದೆ, ಎಸ್‌ಎಂಬಿ 1 ಎಲ್ಲ ಕಂಪ್ಯೂಟರ್‌ಗಳಿಂದಲೂ ಹೋಗಿದೆ. ಕರೆಂಟ್ ಹೋದರೆ ಅದೇ ಸಂಜೆ ಮರುಕಳಿಸುತ್ತದೆಂದು ವಿವರಿಸಿ ಯುಪಿಎಸ್‌ಗಾಗಿ ಮೂರು ಬಾರಿ ಬರೆದುಕೊಟ್ಟಿದ್ದೇನೆ. ಮೂರನೆಯ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.