ಗೊರಕೆ ವಿಷಯ ಡಾಕ್ಟರಿಗೆ ಹೇಳಿದ ದಿನ

"ನಿದ್ದೇಲಿ ಗೊರಕೆ ಹೊಡೀತೀರಾ ಅಮ್ಮಾ?" ಅಂತ ಅನಸ್ತೇಶಿಯಾ ಡಾಕ್ಟರ್, ಅಂದರೆ ಆಪರೇಷನ್ನಿಗೆ ಮತ್ತು ಕೊಡುವ ಡಾಕ್ಟರ್, ಕೇಳಿದರು. ಇಲ್ಲ ಅಂದೆ.

ಪಕ್ಕದಲ್ಲಿ ಕೂತಿದ್ದ ನಮ್ಮನೆಯವರು ನನ್ನ ಮುಖ ನೋಡಿದರು. ಯಾಕೆಂದರೆ ಮನೆಯಲ್ಲಿ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೇ ಸೀರೆ ಸುತ್ತಿಟ್ಟ ಸಿಪ್ಯಾಪ್ ಮೆಷಿನ್ ಇತ್ತು, ಮಲಗುವಾಗ ಮಾಸ್ಕಿನಲ್ಲಿ ಗಾಳಿ ಊದುವಂಥದ್ದು. 40 ಸಾವಿರಕ್ಕಿಂತ ಜಾಸ್ತಿ ಕೊಟ್ಟು ಅದನ್ನು ತಂದಿದ್ದೇ ಈ ಕಾಯಿಲೆಗೆ. ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ, ಅಂತ ಬರೆದ ರಿಪೋರ್ಟೂ ಅದೇ ಖಾನೆಯಲ್ಲಿತ್ತು. ಆದರೂ ಬಾಯಲ್ಲಿ ಬಂದಿದ್ದು ಇಲ್ಲ ಅಂತಲೇ.

ತೀರ್ಥಹಳ್ಳಿಯಲ್ಲಿ ನನ್ನದು ಲೇಡೀಸ್ ಟೈಲರಿಂಗ್ ಅಂಗಡಿ. ವಯಸ್ಸು 51. ಗಂಡಸರು ಗೊರಕೆ ಹೊಡೆದರೆ ಯಾರೂ ಏನೂ ಅನ್ನುವುದಿಲ್ಲ, ಹೆಂಗಸು ಹೊಡೆದರೆ ಅದು ನಾಲ್ಕು ಮನೆಯ ಮಾತಾಗುತ್ತದೆ. ತಂಗಿ ಮಗಳ ಮದುವೆಯಲ್ಲಿ ಹೆಂಗಸರೆಲ್ಲ ಸಾಲಾಗಿ ಹಾಸಿಗೆ ಹಾಕಿಕೊಂಡು ಮಲಗಿದ್ದೆವು. ಬೆಳಗ್ಗೆ ಎದ್ದು ನೋಡಿದರೆ ನನ್ನ ಆಚೆ ಈಚೆ ಎರಡೂ ಹಾಸಿಗೆ ಖಾಲಿ. ಅವರು ರಾತ್ರಿಯೇ ಚಾಪೆ ಎತ್ತಿಕೊಂಡು ಜಗುಲಿಗೆ ಹೋಗಿದ್ದರು. ನನಗೆ ಯಾರೂ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು. ಆಮೇಲೆ ನಾನು ಯಾರ ಮನೆಯಲ್ಲೂ ರಾತ್ರಿ ಉಳಿಯುವುದನ್ನೇ ಬಿಟ್ಟೆ.

ಕಾಯಿಲೆ ಗೊತ್ತಾಗಿದ್ದು ಎಳ್ಳಮಾವಾಸ್ಯೆ ಜಾತ್ರೆ ಸಮಯದಲ್ಲಿ. ಜಾತ್ರೆ ಅಂದರೆ ನಮಗೆ ಕೈತುಂಬ ಕೆಲಸ. ಮಧ್ಯಾಹ್ನ ಮೂರು ಗಂಟೆಗೆ ಬ್ಲೌಸಿನ ತೋಳು ಕೂಡಿಸುತ್ತಾ ಕೂತಿದ್ದವಳಿಗೆ ಹಾಗೇ ನಿದ್ದೆ ಹತ್ತಿತು. ಕಾಲು ಪೆಡಲ್ ತುಳಿಯುತ್ತಲೇ ಇತ್ತು. ಎಡಗೈ ತೋರುಬೆರಳಿನ ಉಗುರನ್ನು ಸೂಜಿ ತೂರಿಕೊಂಡು ಹೋಯಿತು. ಟಿಟಿ ಇಂಜೆಕ್ಷನ್ ಕೊಟ್ಟ ಡಾಕ್ಟರ್ ಬೆರಳಿನ ವಿಷಯ ಬಿಟ್ಟು, ಹಗಲು ಹೊತ್ತು ಹೀಗೆ ನಿದ್ದೆ ಎಷ್ಟು ದಿನದಿಂದ ಬರುತ್ತಿದೆ ಅಂತ ವಿಚಾರಿಸಿದರು. ಎದೆಗೆ ಬೆಲ್ಟು, ಮೂಗಿಗೆ ಸಣ್ಣ ಪೈಪು, ಬೆರಳಿಗೆ ಕ್ಲಿಪ್ಪು ಹಾಕಿಕೊಂಡು ಒಂದು ರಾತ್ರಿ ಮಲಗಿ ಸ್ಲೀಪ್ ಸ್ಟಡಿ ಮಾಡಿಸಿದ್ದಾಯಿತು. ರಿಪೋರ್ಟಿನಲ್ಲಿ ಗಂಟೆಗೆ 34 ಅಂತ ಬಂತು. ಅಂದರೆ ಒಂದು ಗಂಟೆಯಲ್ಲಿ 34 ಸಲ ಉಸಿರು ನಿಲ್ಲುವುದು ಇಲ್ಲವೇ ತೀರಾ ಕಮ್ಮಿಯಾಗುವುದು, ಪ್ರತಿ ಸಲವೂ 10 ಸೆಕೆಂಡಾದರೂ. 30 ದಾಟಿದರೆ ತೀವ್ರ ಅಂತ ಲೆಕ್ಕ. ರಕ್ತದ ಆಕ್ಸಿಜನ್ ಒಂದು ಹೊತ್ತಿನಲ್ಲಿ ಶೇಕಡ 76ಕ್ಕೆ ಇಳಿದಿತ್ತು.

ಮೆಷಿನ್ ಬಂತು. ಒಂದೆರಡು ತಿಂಗಳು ಹಾಕಿಕೊಂಡೆ. ಮುಂಗಾರಿಗೆ ಮುಂಚಿನ ಗಾಳಿ ಶುರುವಾಯಿತು, ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲ. ಮಾಸ್ಕಿನಲ್ಲಿ ಗಾಳಿ ನಿಂತರೆ ಗಾಬರಿಯಾಗಿ ಎದ್ದು ಕೂರುತ್ತಿದ್ದೆ. ಅಷ್ಟರಲ್ಲಿ ನೆಂಟರೂ ಬಂದರು. ಎತ್ತಿ ಬೀರುವಿನಲ್ಲಿಟ್ಟೆ.

ಮೇ ತಿಂಗಳಲ್ಲಿ ಒಂದು ಮದುವೆ ಊಟ ಮಾಡಿ ಬಂದ ರಾತ್ರಿ ಹೊಟ್ಟೆಯ ಬಲಗಡೆ ಹಿಡಿದುಕೊಂಡ ನೋವು ಬೆಳಗಿನ ತನಕ ಬಿಡಲಿಲ್ಲ. ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಶಿವಮೊಗ್ಗದಲ್ಲಿ ಆಪರೇಷನ್ ಅಂತ ತೀರ್ಮಾನವಾಯಿತು. ಆಷಾಢದಲ್ಲಿ ಮದುವೆ ಇಲ್ಲ, ಹೊಲಿಗೆ ಕಮ್ಮಿ, ಆಗಲೇ ಮುಗಿಸಿಬಿಡೋಣ ಅಂದುಕೊಂಡೆ. ಅದಕ್ಕೆ ಮುಂಚೆ ಮತ್ತು ಕೊಡುವ ಡಾಕ್ಟರನ್ನು ಕಾಣಬೇಕು ಅಂದರು. ಹಾಗೆ ಹೋಗಿ ಕೂತಿದ್ದಾಗಲೇ ಆ ಪ್ರಶ್ನೆ ಬಂದಿದ್ದು.

ನಮ್ಮನೆಯವರು ಜಾಸ್ತಿ ಮಾತಿನ ಮನುಷ್ಯರಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹೊಡೀತಾಳೆ ಮೇಡಂ. ಗೊರಕೆ ಅಷ್ಟೇ ಅಲ್ಲ, ಮಧ್ಯೆ ಉಸಿರು ನಿಂತುಹೋಗುತ್ತೆ. ನಾನು ಎಣಿಸ್ತೀನಿ. ಒಂದ್ಸಲ 40ರ ತನಕ ಎಣಿಸಿದೆ" ಅಂದರು.

ಅವರು ಎಣಿಸುತ್ತಾರೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. 28 ವರ್ಷದ ಸಂಸಾರ ನಮ್ಮದು. ರಾತ್ರಿ ನಾನು ನಿದ್ದೆಯಲ್ಲಿರುವಾಗ ಈ ಮನುಷ್ಯ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಒಂದು, ಎರಡು, ಮೂರು ಅಂತ ಎಣಿಸುತ್ತಾ, ನನ್ನ ಉಸಿರು ವಾಪಸ್ ಬಂದ ಮೇಲೆ ಮಗ್ಗುಲು ಬದಲಿಸುತ್ತಿದ್ದರು. ನನಗೆ ಅಳು ಬಂತು. ಡಾಕ್ಟರ್ ಬೈಯಲಿಲ್ಲ. ಅಳುವುದು ನಿಲ್ಲಲಿ ಅಂತ ಸುಮ್ನೆ ಕಾದು, ಆಮೇಲೆ ಮೇಜಿನ ಖಾನೆಯಿಂದ ಒಂದು ಟೇಪು ತೆಗೆದರು.

ಟೇಪು ಅಂದರೆ ನನ್ನ ಕೈಯಲ್ಲೇ ಇರುವ ವಸ್ತು ಅಲ್ವಾ. ದಿನಕ್ಕೆ ಎಷ್ಟು ಜನರ ಕತ್ತು, ತೋಳು, ಸೊಂಟ ಅಳೆದಿದ್ದೇನೋ. ನನ್ನ ಕತ್ತಿಗೆ ಬೇರೆಯವರು ಟೇಪು ಸುತ್ತಿದ್ದು ಅದೇ ಮೊದಲು. ಕರಿಮಣಿ ಸರವನ್ನು ಮೆಲ್ಲಗೆ ಕೆಳಗೆ ಸರಿಸಿ, ಬಿಗಿಯಾಗಿ ಎಳೆಯದೆ, ಎರಡು ತುದಿ ಕೂಡುವ ಕಡೆ ಹೆಬ್ಬೆರಳಿಟ್ಟು ಓದಿದರು. 41 ಸೆಂಟಿಮೀಟರ್. ನಾವು ಇಂಚಿನವರು, ಮನಸ್ಸಿನಲ್ಲೇ 16 ಅಂತ ಲೆಕ್ಕ ಹಾಕಿದೆ. ಕತ್ತು 40 ಸೆಂಟಿಮೀಟರಿಗಿಂತ ದಪ್ಪ ಇದ್ದರೆ ಅದೂ ಒಂದು ಗುರುತಂತೆ. ಅವರ ಹತ್ತಿರ ಎಂಟು ಪ್ರಶ್ನೆಯ ಒಂದು ಪಟ್ಟಿ ಇತ್ತು, ಸ್ಟಾಪ್ ಬ್ಯಾಂಗ್ ಅಂತ ಅದರ ಹೆಸರು. ಗೊರಕೆ, ಹಗಲಿನ ಸುಸ್ತು, ಉಸಿರು ನಿಂತಿದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ, ತೂಕ, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ, ಗಂಡಸಾ ಅಂತ. ನನಗೆ ಎಂಟಕ್ಕೆ ಆರು ಹೌದು ಬಂತು. ಐದು ಬಂದರೇ ಅಪಾಯ ಜಾಸ್ತಿ ಅಂತ ಲೆಕ್ಕವಂತೆ. ಆಮೇಲೆ ಬಾಯಿ ಅಗಲವಾಗಿ ತೆಗೆಸಿ, ನಾಲಿಗೆ ಪೂರ್ತಿ ಹೊರಗೆ ಚಾಚಿಸಿ, ಗಂಟಲು ಎಷ್ಟು ಕಾಣುತ್ತದೆ ಅಂತ ನೋಡಿದರು. ಕತ್ತು ಹಿಂದಕ್ಕೆ ಎಷ್ಟು ಬಾಗುತ್ತದೆ ಅಂತಲೂ ನೋಡಿದರು. ಉಸಿರಿನ ಟ್ಯೂಬ್ ಹಾಕಲು ಕಷ್ಟ ಆಗಬಹುದಾ ಅಂತ ಅಂದಾಜು ಮಾಡುವುದು ಹೀಗಂತೆ.

"ಹಿಂದೆ ಆಪರೇಷನ್ ಆಗಿತ್ತಾ?"

ಆಗಿತ್ತು. 6 ವರ್ಷದ ಹಿಂದೆ, ಬೇರೆ ಕಡೆ, ಗರ್ಭಕೋಶ ತೆಗೆಸಿದ್ದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದರು. ಗೊರಕೆ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತು ರಾತ್ರಿ ನೋವು ತಡೆಯಲಾಗದೆ ಕೂಗಿಕೊಂಡೆ ಅಂತ ಒಂದು ಇಂಜೆಕ್ಷನ್ ಕೊಟ್ಟರು. ಆಮೇಲಿನದು ನನಗೆ ನೆನಪಿಲ್ಲ. ಜೊತೆಗೆ ಮಲಗಿದ್ದ ನಾದಿನಿ ಹೇಳಿದ್ದು ಇಷ್ಟು: ಅವಳು ಎಷ್ಟು ಅಲ್ಲಾಡಿಸಿದರೂ ನಾನು ಏಳಲಿಲ್ಲ, ತುಟಿ ನೀಲಿಯಾಗಿತ್ತು. ಅವಳು ಕಾರಿಡಾರಿನಲ್ಲಿ ಓಡಿ ನರ್ಸನ್ನು ಕರೆದುಕೊಂಡು ಬಂದಳು, ಆಕ್ಸಿಜನ್ ಹಾಕಿದರು. ಮನೆಯಲ್ಲಿ ಎಲ್ಲರೂ ಅದು ನಂಜು ಅಂದುಕೊಂಡೆವು. ಡಿಸ್ಚಾರ್ಜ್ ಕಾಗದದಲ್ಲಿ ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ನನಗೆ ಇವತ್ತಿಗೂ ಅದು ಸಿಟ್ಟು ತರಿಸುತ್ತದೆ.

ಈ ಡಾಕ್ಟರ್ ಅದನ್ನು ಕೇಳಿ ಪೆನ್ನು ಕೆಳಗಿಟ್ಟರು. ಆಮೇಲೆ ವಿವರಿಸಿ ಹೇಳಿದರು, ನನಗೆ ಅರ್ಥವಾಗುವ ಹಾಗೆ. ನಿದ್ದೆ ಬಂದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಆಗ ಆಕ್ಸಿಜನ್ ಇಳಿಯುತ್ತದೆ, ಮಿದುಳು ನಮ್ಮನ್ನು ಒಂದು ಕ್ಷಣ ಎಬ್ಬಿಸುತ್ತದೆ, ದಾರಿ ಬಿಚ್ಚಿಕೊಳ್ಳುತ್ತದೆ. ರಾತ್ರಿಯೆಲ್ಲ ನಮ್ಮನ್ನು ಕಾಯುವುದು ಆ ಎಬ್ಬಿಸುವ ಕೆಲಸ. ಮತ್ತಿನ ಔಷಧಿ, ಮಾರ್ಫಿನ್ ಜಾತಿಯ ನೋವಿನ ಇಂಜೆಕ್ಷನ್, ನಿದ್ದೆ ಮಾತ್ರೆ, ಇವು ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ, ಜೊತೆಗೆ ಆ ಎಬ್ಬಿಸುವವನನ್ನೂ ಮಲಗಿಸಿಬಿಡುತ್ತವೆ. "ನೀವು ಹೇಳದೇ ಇದ್ದಿದ್ದರೆ ನಾನು ಎಲ್ಲರಿಗೂ ಮಾಡೋ ಹಾಗೇ ಮಾಡ್ತಿದ್ದೆ ಅಮ್ಮಾ" ಅಂದರು.

ಅವಸರದ ಆಪರೇಷನ್ ಅಲ್ಲವಲ್ಲ, ಮೂರು ವಾರ ಮುಂದಕ್ಕೆ ಹಾಕೋಣ, ಅಷ್ಟು ದಿನ ಒಂದು ರಾತ್ರಿಯೂ ತಪ್ಪಿಸದೆ ಮೆಷಿನ್ ಹಾಕಿಕೊಂಡು ಮಲಗಿ ಅಂದರು. ಸರ್ಜನ್ ಜೊತೆ ಅವರೇ ಫೋನಿನಲ್ಲಿ ಮಾತಾಡಿದರು. ಬರುವಾಗ ಮೆಷಿನ್, ಮಾಸ್ಕ್, ಪೈಪು, ಸ್ಲೀಪ್ ಸ್ಟಡಿ ರಿಪೋರ್ಟು ಎಲ್ಲ ತರಬೇಕು. ಹಿಂದಿನ ರಾತ್ರಿ ನಿದ್ದೆ ಮಾತ್ರೆ ತಗೊಳ್ಳಬಾರದು. ಬೆಳಗ್ಗೆ ಆಪರೇಷನ್ ಆಗಿ ಸಂಜೆ ಮನೆಗೆ ಅನ್ನುವುದು ನನಗಾಗುವುದಿಲ್ಲ, ರಾತ್ರಿ ಅಲ್ಲೇ ಇರಬೇಕು.

ಮನೆಗೆ ಬಂದು ಬೀರು ತೆಗೆದೆ. ಮಾಸ್ಕನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಮಾಸ್ಕಿನ ಅಂಚು ಮೂಗುತಿಯ ಮೇಲೆ ಕೂತು ನೋಯುತ್ತಿತ್ತು, ಸಂದಿಯಿಂದ ಗಾಳಿ ಸೋರುತ್ತಿತ್ತು. ಮೂಗುತಿ ತೆಗೆದಿಟ್ಟೆ. ಪಟ್ಟಿಯ ಗುರುತು ಬೆಳಗ್ಗೆ ಹತ್ತು ಗಂಟೆಯಾದರೂ ಕೆನ್ನೆ ಮೇಲೆ ಉಳಿಯುತ್ತಿತ್ತು ಅಂತ ಮೆತ್ತನೆ ಕಾಟನ್ ಲೈನಿಂಗ್ ಬಟ್ಟೆಯಲ್ಲಿ ಎರಡು ಕವರ್ ಹೊಲಿದೆ, ಪಟ್ಟಿಯ ಅಗಲಕ್ಕಿಂತ ಕಾಲಿಂಚು ಜಾಸ್ತಿ ಬಿಟ್ಟು, ತೂರಿಸಿ ತೆಗೆಯುವ ಹಾಗೆ. ಕರೆಂಟಿನ ಸಮಸ್ಯೆಗೆ ನಮ್ಮನೆಯವರು ಇನ್ವರ್ಟರಿನ ಒಂದು ಲೈನನ್ನು ಮಂಚದ ಪಕ್ಕಕ್ಕೆ ಎಳೆಸಿದರು. ಮಗಳು ಫೋನಿನಲ್ಲಿ ಓದಿ ಹೇಳಿದಳು, ಈ ಸಿಪ್ಯಾಪ್ ಕಂಡುಹಿಡಿದಿದ್ದು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನುವ ಡಾಕ್ಟರ್, 1981ರಲ್ಲಿ ಅದನ್ನು ಪ್ರಕಟಿಸಿದರು ಅಂತ. ಔಷಧಿ ಏನೂ ಇಲ್ಲ ಅದರಲ್ಲಿ, ಬರೀ ಗಾಳಿ. ಒಂದು ಮೋಟಾರು ಗಾಳಿ ಊದಿ ಗಂಟಲು ಕುಸಿಯದ ಹಾಗೆ ಹಿಡಿದಿಡುತ್ತದೆ. ಮೋಟಾರಿನ ಜೊತೆ ಬದುಕಿದವಳು ನಾನು, ಆ ಮಾತು ಕೇಳಿದ ಮೇಲೆ ಅದರ ಸದ್ದಿನ ಮೇಲಿದ್ದ ಮುನಿಸು ಹೋಯಿತು. ಹತ್ತನೇ ದಿನದ ಹೊತ್ತಿಗೆ ಮಧ್ಯಾಹ್ನದ ಜೋಂಪು ನಿಂತಿತು.

ಆಪರೇಷನ್ನಿನ ಹಿಂದಿನ ದಿನ ಬಸ್ಸಿನಲ್ಲಿ ಹೊರಟೆವು. ಜೋರು ಮಳೆ. ಮೆಷಿನ್ ಬ್ಯಾಗನ್ನು ಮೇಲಿಡಲು ಧೈರ್ಯ ಬರದೆ ತೊಡೆ ಮೇಲೆ ಇಟ್ಟುಕೊಂಡೆ. ಮಂಡಗದ್ದೆ ಹತ್ತಿರ ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು, ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ. ಪಕ್ಕದಲ್ಲಿ ಕೂತ ಹೆಂಗಸು ಬ್ಯಾಗಿನಲ್ಲಿ ಏನು ಅಂತ ಕೇಳಿದರು. ನಿದ್ದೆಯಲ್ಲಿ ಉಸಿರು ನಿಲ್ಲುತ್ತೆ ನಂಗೆ, ಅದಕ್ಕೆ ಹಾಕೋ ಮೆಷಿನ್ ಅಂದೆ. ಮನೆಯವರನ್ನು ಬಿಟ್ಟು ಹೊರಗಿನವರಿಗೆ ನಾನಾಗಿ ಹೇಳಿದ್ದು ಅದೇ ಮೊದಲು. ಗಾಜನೂರು ಬರುವ ತನಕ ಅವರು ತಮ್ಮ ಅಣ್ಣನ ಗೊರಕೆ ಬಗ್ಗೆ ಮಾತಾಡಿದರು.

ಬೆಳಗ್ಗೆ ಎಂಟಕ್ಕೆ ಆಪರೇಷನ್. ಊಟ 6 ಗಂಟೆ ಮುಂಚೆಯೇ ನಿಲ್ಲಿಸಬೇಕು, ಬರೀ ನೀರು 2 ಗಂಟೆ ಮುಂಚಿನ ತನಕ ಕುಡಿಯಬಹುದು ಅಂತ ಹೇಳಿದ್ದರು. ಥಿಯೇಟರಿನಲ್ಲಿ ಚಳಿ. ತಲೆ, ಭುಜದ ಕೆಳಗೆ ದಿಂಬು ಒಟ್ಟಿ ಸ್ವಲ್ಪ ಏರಿಸಿ ಮಲಗಿಸಿದರು. ಅದೇ ಡಾಕ್ಟರ್ ಮುಖದ ಹತ್ತಿರ ಬಗ್ಗಿ, "ಮುಗಿದ ಮೇಲೆ ನೀವು ಪೂರ್ತಿ ಎಚ್ಚರ ಆಗೋ ತನಕ ಟ್ಯೂಬ್ ತೆಗೆಯಲ್ಲ. ಕಣ್ಣು ಬಿಡಿ ಅಂದರೆ ಬಿಡಬೇಕು. ಕೈ ಅಮುಕಿ ಅಂದರೆ ಅಮುಕಬೇಕು" ಅಂದರು. ಆಮೇಲೆ ಮಾಸ್ಕಿನಲ್ಲಿ ಆಕ್ಸಿಜನ್ ಕೊಟ್ಟು ಉದ್ದುದ್ದ ಉಸಿರು ತಗೊಳ್ಳಿ ಅಂದರು. ಮೂರು ವಾರದಿಂದ ಮಾಸ್ಕು ಅಭ್ಯಾಸ ಆಗಿತ್ತಲ್ಲ, ಗಾಬರಿ ಆಗಲಿಲ್ಲ.

ಆಮೇಲೆ ಎಲ್ಲೋ ದೂರದಿಂದ, ಕೈ ಅಮುಕಿ, ಅಮ್ಮಾ ಕೈ ಅಮುಕಿ, ಅಂತ ಕೇಳಿಸಿತು. ಅಮುಕಿದೆ.

ಹೊಟ್ಟೆಯ ಮೇಲೆ ನಾಲ್ಕು ಸಣ್ಣ ತೂತು, ಅದರ ಸುತ್ತ ಮರಗಟ್ಟುವ ಔಷಧಿ ಚುಚ್ಚಿದ್ದರು. ನೋವಿಗೆ ಪ್ಯಾರಾಸಿಟಮಾಲ್ ಡ್ರಿಪ್. ಹೊಟ್ಟೆ ಉಬ್ಬಿಸಲು ಬಿಟ್ಟ ಗ್ಯಾಸಿನಿಂದ ಬಲ ಭುಜ ನೋಯುತ್ತಿತ್ತು, ತಡೆದುಕೊಳ್ಳುವಷ್ಟು. ರಾತ್ರಿ ತಲೆಕಡೆ ಮಂಚ ಎತ್ತರಿಸಿ ನನ್ನದೇ ಮೆಷಿನ್ ಹಾಕಿದರು, ಬೆರಳಿಗೆ ಕ್ಲಿಪ್ಪು. ವಾರ್ಡಿನಲ್ಲಿ ನೋಡುವವರು ನೋಡಿದರು. ನಡುರಾತ್ರಿ ಎಚ್ಚರವಾದಾಗ ನಮ್ಮನೆಯವರು ಸ್ಟೂಲಿನ ಮೇಲೆ ಕೂತು ಮಾನಿಟರನ್ನೇ ನೋಡುತ್ತಿದ್ದರು. 95, 96, 95. ಮಲಗಿ ಅಂತ ಕೈಸನ್ನೆ ಮಾಡಿದೆ. ಎಷ್ಟೋ ವರ್ಷದಿಂದ ಎಣಿಸಿದ ಮನುಷ್ಯ, ಅವತ್ತು ಮೆಷಿನ್ ಎಣಿಸುತ್ತಿದ್ದರೂ ನಂಬಿಕೆ ಬಂದಿರಲಿಲ್ಲ. ಬೆಳಗಿನ ಜಾವ ಗೋಡೆಗೆ ತಲೆ ಕೊಟ್ಟು ನಿದ್ದೆ ಹೋದರು.

ಮನೆಗೆ ಕಳಿಸುವಾಗ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಮೊದಲ ರಾತ್ರಿ ದಾಟಿತು ಅಂತ ಮೆಷಿನ್ ಬಿಡಬೇಡಿ, ಮೂರನೇ ರಾತ್ರಿಯ ಹೊತ್ತಿಗೆ ತಪ್ಪಿಹೋಗಿದ್ದ ಕನಸಿನ ನಿದ್ದೆ ಒಟ್ಟಿಗೆ ವಾಪಸ್ ಬರುತ್ತದೆ, ಆಗ ಉಸಿರು ನಿಲ್ಲುವುದು ಜಾಸ್ತಿಯಾಗಬಹುದು. ಮೂರನೇ ರಾತ್ರಿ ನಮ್ಮೂರಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಕಿರ್ ಅಂತ ಶುರುವಾಯಿತು. ಮಾಸ್ಕಿನ ಗಾಳಿ ಒಂದು ಕ್ಷಣ ನಿಂತು ಮತ್ತೆ ಬಂತು.

ಹೋದ ವಾರ ಅಂಗಡಿಗೆ ಒಬ್ಬರು ಬಂದಿದ್ದರು, ಶ್ರಾವಣದ ಪೂಜೆಗೆ ಬ್ಲೌಸ್ ಹೊಲಿಸಲು. ಯಜಮಾನರಿಗೆ ಹರ್ನಿಯಾ ಆಪರೇಷನ್ ಇದೆ, ಬೇಗ ಕೊಡಿ ಅಂದರು. ಅವರು ಗೊರಕೆ ಹೊಡೀತಾರಾ ಅಂತ ಕೇಳಿದೆ. ಮನೆ ಹೆಂಚು ಹಾರುವಷ್ಟು ಅಂದರು. ಮಧ್ಯೆ ಉಸಿರು ನಿಲ್ಲುತ್ತಾ ಅಂದೆ. ಅವರು ಸ್ವಲ್ಪ ಯೋಚನೆ ಮಾಡಿ, ಹೌದಲ್ವಾ, ನಿಲ್ಲುತ್ತೆ ಅಂದರು. ಖಾನೆಯಲ್ಲಿದ್ದ ಇನ್ನೊಂದು ಟೇಪು ತೆಗೆದು ಅವರ ಕೈಗೆ ಕೊಟ್ಟು, ಕತ್ತಿನ ಸುತ್ತ ಹೇಗೆ ಹಿಡಿಯಬೇಕು ಅಂತ ನನ್ನ ಕತ್ತಿನ ಮೇಲೇ ತೋರಿಸಿದೆ. ಬ್ಲೌಸ್ ತಗೊಂಡು ಹೋಗಲು ಬಂದಾಗ ವಾಪಸ್ ಕೊಡಿ, ಡಾಕ್ಟರಿಗೆ ಹೇಳದೆ ಮಾತ್ರ ಬರಬೇಡಿ ಅಂದೆ.